ನಾಳೆಯ ಚಿತ್ರ, ಇಂದಿನ ತಟ್ಟೆ
ಮಕ್ಕಳ ಬೊಜ್ಜಿನ ಚಿಕಿತ್ಸೆಯಲ್ಲಿ ಭವಿಷ್ಯದ ಕಲ್ಪನೆ: ಒಂದು ಅಧ್ಯಯನ ಲೇಖನ



ಮನೆಯಲ್ಲಿ ಮಗುವೊಂದು ದಪ್ಪಗಿದ್ದರೆ ಹಿರಿಯರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಹೀಗೇ ತಿಂತಾ ಇದ್ರೆ ದೊಡ್ಡವನಾದ ಮೇಲೆ ಶುಗರ್ ಬರ್ತದೆ ನೋಡು." ಮಾತು ಸುಳ್ಳಲ್ಲ. ಆದರೆ ಹತ್ತು ವರ್ಷದ ಹುಡುಗ ಅದನ್ನು ಕೇಳಿ ಕೈಯಲ್ಲಿರುವ ಚಿಪ್ಸ್ ಪೊಟ್ಟಣವನ್ನು ಕೆಳಗಿಡುವುದಿಲ್ಲ. ಆಮೇಲೆ ನಾವು ಅವನಿಗೆ ಹಠಮಾರಿ, ಬಾಯಿಚಪಲದವನು, ಮನಸ್ಸು ಗಟ್ಟಿ ಇಲ್ಲದವನು ಎಂದು ಹೆಸರಿಡುತ್ತೇವೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಇದೇ ಸಂಗತಿಯನ್ನು ಬೇರೆ ಕಡೆಯಿಂದ ನೋಡಿದ್ದಾರೆ. ದೂರದ ನಾಳೆ ಮಗುವಿನ ಮನಸ್ಸಿನಲ್ಲಿ ಮಸುಕಾಗಿರುತ್ತದೆ, ಕಣ್ಣೆದುರಿನ ತಿಂಡಿ ಸ್ಪಷ್ಟವಾಗಿರುತ್ತದೆ. ಹಾಗಾದರೆ ನಾಳೆಯನ್ನೂ ಅಷ್ಟೇ ಸ್ಪಷ್ಟವಾಗಿ ಕಾಣುವಂತೆ ಮಾಡಿದರೆ ಏನಾಗುತ್ತದೆ? ಈ ಪ್ರಶ್ನೆಯಿಂದ ಹುಟ್ಟಿದ ವಿಧಾನವೇ 'ಎಪಿಸೋಡಿಕ್ ಫ್ಯೂಚರ್ ಥಿಂಕಿಂಗ್'. ಕನ್ನಡದಲ್ಲಿ ಇದನ್ನು 'ಭವಿಷ್ಯದ ಘಟನೆಯ ಕಲ್ಪನೆ' ಎನ್ನಬಹುದು. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಈ ಪಾಠದ ವಿಷಯ. ಮನಶ್ಶಾಸ್ತ್ರ ಮತ್ತು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪಠ್ಯಕ್ಕೆ ಪೂರಕ. ಉಳಿದವರಿಗೂ ಮನೆಯಲ್ಲಿ ತಮ್ಮ ತಂಗಿಯರು ಇದ್ದೇ ಇರುತ್ತಾರೆ.

1. ಸಮಸ್ಯೆ ಎಷ್ಟು ದೊಡ್ಡದು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದ ಸುಮಾರು 39 ಕೋಟಿ ಮಕ್ಕಳು ಮತ್ತು ಹದಿಹರೆಯದವರು ಅತಿತೂಕ ಹೊಂದಿದ್ದರು. ಅವರಲ್ಲಿ 16 ಕೋಟಿ ಮಂದಿಯದು ಬೊಜ್ಜು. ಈ ವಯಸ್ಸಿನವರಲ್ಲಿ ಅತಿತೂಕದವರ ಪ್ರಮಾಣ 1990ರಲ್ಲಿ ಶೇ. 8 ಇದ್ದದ್ದು 2022ಕ್ಕೆ ಶೇ. 20ಕ್ಕೆ ಏರಿತು. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಂದಾಜಿನಲ್ಲಿ ಭಾರತದ ಇದೇ ವಯೋಮಾನದ ಸುಮಾರು 1.25 ಕೋಟಿ ಮಕ್ಕಳು ಬೊಜ್ಜಿನ ಗುಂಪಿಗೆ ಸೇರಿದ್ದರು. ಅಪೌಷ್ಟಿಕತೆಯ ಸಮಸ್ಯೆ ಇನ್ನೂ ಮುಗಿಯದ ನಮ್ಮ ದೇಶದಲ್ಲಿ ಈ ಎರಡನೆಯ ಹೊರೆಯೂ ಬಂದು ಸೇರಿದೆ.

ಮಕ್ಕಳ ಬೊಜ್ಜನ್ನು ಅಳೆಯುವ ಕ್ರಮ ದೊಡ್ಡವರದಕ್ಕಿಂತ ಬೇರೆ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 140 ಸೆಂ.ಮೀ. ಎತ್ತರ, 45 ಕೆ.ಜಿ. ತೂಕದ ಹುಡುಗನ ಬಿಎಂಐ 45 ÷ (1.4 × 1.4), ಅಂದರೆ ಸುಮಾರು 23. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ವಯಸ್ಕರಿಗೆ ಅತಿತೂಕ ಆರಂಭವಾಗುವುದು 25ರಿಂದ. ಆದರೆ ಅದೇ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ 10 ವರ್ಷ ತುಂಬಿದ ಹುಡುಗನಿಗೆ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು. ಆದ್ದರಿಂದ ಮಗುವಿನ ಬಿಎಂಐಯನ್ನು ವಯಸ್ಸು ಮತ್ತು ಲಿಂಗಕ್ಕೆ ಹೊಂದಿಸಿಯೇ ಓದಬೇಕು. ಕಣ್ಣಳತೆಯಿಂದ ತೀರ್ಪು ಕೊಡುವುದು ಸರಿಯಲ್ಲ.

ಬೊಜ್ಜಿನಿಂದ ಮಕ್ಕಳಲ್ಲೇ ರಕ್ತದೊತ್ತಡ, ಟೈಪ್ 2 ಮಧುಮೇಹ, ಯಕೃತ್ತಿನಲ್ಲಿ ಕೊಬ್ಬು, ನಿದ್ರೆಯಲ್ಲಿ ಉಸಿರಿನ ತೊಂದರೆ, ಮಂಡಿನೋವು ಕಾಣಿಸಿಕೊಳ್ಳಬಹುದು. ಇವುಗಳ ಜೊತೆಗೆ ದಿನವೂ ತರಗತಿಯಲ್ಲಿ ಕೇಳಬೇಕಾದ ಅಡ್ಡಹೆಸರುಗಳ ನೋವು ಬೇರೆ.

2. ಬುದ್ಧಿಮಾತು ಏಕೆ ನಾಟುವುದಿಲ್ಲ?

ಒಂದು ಸಣ್ಣ ಪ್ರಶ್ನೆ. ಈಗಲೇ 100 ರೂಪಾಯಿ ಬೇಕೋ, ನಾಳೆ 120 ರೂಪಾಯಿ ಬೇಕೋ? ಹಲವರು ಈಗಲೇ ಸಿಗುವ 100 ರೂಪಾಯಿಯನ್ನು ಆರಿಸುತ್ತಾರೆ. ಈಗ ಇನ್ನೊಂದು ಪ್ರಶ್ನೆ. 30 ದಿನದ ನಂತರ 100 ರೂಪಾಯಿ ಬೇಕೋ, 31 ದಿನದ ನಂತರ 120 ರೂಪಾಯಿ ಬೇಕೋ? ಈ ಸಲ ಅದೇ ಜನ "ಒಂದು ದಿನ ಕಾದರೆ ಏನಂತೆ" ಎಂದು 120ನ್ನು ಆರಿಸುತ್ತಾರೆ. ಎರಡರಲ್ಲೂ ಕಾಯಬೇಕಾದದ್ದು ಒಂದೇ ದಿನ, ಹೆಚ್ಚು ಸಿಗುವುದೂ 20 ರೂಪಾಯಿಯೇ. ಆದರೂ ಆಯ್ಕೆ ತಿರುಗಿಬಿತ್ತು.

ಇದಕ್ಕೆ ಕಾರಣ, ಸಿಗುವುದು ತಡವಾದಷ್ಟೂ ಅದರ ಬೆಲೆ ನಮ್ಮ ಮನಸ್ಸಿನಲ್ಲಿ ಇಳಿಯುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ 'ಡಿಲೇ ಡಿಸ್ಕೌಂಟಿಂಗ್' ಎಂದು ಹೆಸರು. ಜೇಮ್ಸ್ ಮೇಜರ್ ಎಂಬ ವಿಜ್ಞಾನಿ 1987ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು:

ಮನಸ್ಸಿಗೆ ಕಾಣುವ ಇಂದಿನ ಬೆಲೆ = ಮೊತ್ತ ÷ (1 + ಕ × ಕಾಯುವ ದಿನಗಳು)

ಇಲ್ಲಿ 'ಕ' ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಸಂಖ್ಯೆ. 'ಕ' ದೊಡ್ಡದಾದಷ್ಟೂ ನಾಳೆಯ ಬೆಲೆ ಬೇಗ ಕುಸಿಯುತ್ತದೆ. ಒಬ್ಬನ 'ಕ' 0.25 ಎಂದು ಇಟ್ಟುಕೊಳ್ಳೋಣ. ನಾಳೆಯ 120 ರೂಪಾಯಿ ಅವನ ಮನಸ್ಸಿನಲ್ಲಿ 120 ÷ 1.25, ಅಂದರೆ 96 ರೂಪಾಯಿ. ಇಂದಿನ 100ರ ಮುಂದೆ ಅದು ಸೋಲುತ್ತದೆ. 30 ದಿನದ ನಂತರದ 100 ರೂಪಾಯಿ 100 ÷ 8.5, ಅಂದರೆ ಸುಮಾರು 11.8. 31 ದಿನದ ನಂತರದ 120 ರೂಪಾಯಿ 120 ÷ 8.75, ಅಂದರೆ ಸುಮಾರು 13.7. ಇಲ್ಲಿ 120 ಗೆಲ್ಲುತ್ತದೆ. ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಚಕ್ರಬಡ್ಡಿಯ ಲೆಕ್ಕದೊಂದಿಗೆ ಹೋಲಿಸಿ ನೋಡಿ. ದಿನಕ್ಕೆ ಒಂದೇ ದರದಲ್ಲಿ ಬೆಲೆ ಇಳಿಸಿದರೆ ಈ ತಿರುಗುಮುರುಗು ಎಂದೂ ಬರುವುದಿಲ್ಲ. ಮನುಷ್ಯನ ಮನಸ್ಸು ಬ್ಯಾಂಕಿನಂತೆ ಲೆಕ್ಕ ಹಾಕುವುದಿಲ್ಲ.

ಬೆಳಿಗ್ಗೆ "ಇವತ್ತಿನಿಂದ ಬೇಕರಿಗೆ ಹೋಗೋದಿಲ್ಲ" ಎಂದ ಹುಡುಗ ಸಂಜೆ ಪಫ್ಸ್‌ನ ಪರಿಮಳ ಬರುವಾಗ ಮನಸ್ಸು ಬದಲಿಸುವುದು ಇದರಿಂದಲೇ. ಬೆಳಿಗ್ಗೆ ಅವನು ಸುಳ್ಳು ಹೇಳಿರಲಿಲ್ಲ. ಆಗ ಪಫ್ಸ್ ಮತ್ತು ಆರೋಗ್ಯ ಎರಡೂ ದೂರದಲ್ಲಿದ್ದವು. ಸಂಜೆಗೆ ಒಂದು ಮಾತ್ರ ಕೈಯಳತೆಗೆ ಬಂತು. "ದೊಡ್ಡವನಾದ ಮೇಲೆ ಶುಗರ್" ಎಂಬ ಮಾತು 30 ವರ್ಷ ದೂರದ್ದು. ಅಷ್ಟು ವರ್ಷಗಳನ್ನು ದಿನಗಳಾಗಿ ಸೂತ್ರದಲ್ಲಿ ಹಾಕಿ ನೋಡಿ, ಬೆಲೆ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಮಗು ನಮ್ಮ ಮಾತನ್ನು ತಿರಸ್ಕರಿಸುತ್ತಿಲ್ಲ. ಅದು ಅದರ ಲೆಕ್ಕದಲ್ಲಿ ಅಷ್ಟೇ ತೂಗುತ್ತದೆ.

3. ಮನಸ್ಸಿನ ಕಾಲಯಾನ

ಮುಂದಿನ ಹೆಜ್ಜೆ ಅರ್ಥವಾಗಲು ನೆನಪಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿ ನೆನಪನ್ನು ಎರಡಾಗಿ ವಿಂಗಡಿಸಿದರು. 'ಕರ್ನಾಟಕದ ರಾಜಧಾನಿ ಬೆಂಗಳೂರು' ಎಂಬುದು ಸಂಗತಿಯ ನೆನಪು. 'ನಾನು ಮೊದಲ ಸಲ ಬೆಂಗಳೂರಿಗೆ ಹೋದ ದಿನ, ಬಸ್ಸಿನ ಕಿಟಕಿ, ಪಕ್ಕದಲ್ಲಿ ಅಬ್ಬ' ಎಂಬುದು ಘಟನೆಯ ನೆನಪು. ಎರಡನೆಯದರಲ್ಲಿ ನಾವು ಆ ಕ್ಷಣಕ್ಕೆ ಮರಳಿ ಹೋದಂತೆ ಇರುತ್ತದೆ.

ಟಲ್ವಿಂಗ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ರೋಗಿಯೊಬ್ಬರು ವೈದ್ಯಕೀಯ ಸಾಹಿತ್ಯದಲ್ಲಿ 'ಕೆ.ಸಿ.' ಎಂದೇ ಪ್ರಸಿದ್ಧರು. 1981ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಅವರ ಮೆದುಳಿಗೆ ಪೆಟ್ಟಾಯಿತು. ಸಂಗತಿಗಳು ನೆನಪಿದ್ದವು, ತಮ್ಮ ಬದುಕಿನ ಒಂದು ಘಟನೆಯೂ ನೆನಪಿಗೆ ಬರುತ್ತಿರಲಿಲ್ಲ. ಅಷ್ಟೇ ಅಲ್ಲ, "ನಾಳೆ ಏನು ಮಾಡುತ್ತೀರಿ?" ಎಂದು ಕೇಳಿದರೆ ಅದನ್ನೂ ಕಲ್ಪಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಹಿಂದಿನದನ್ನು ನೆನೆಯುವುದು, ಮುಂದಿನದನ್ನು ಊಹಿಸುವುದು ಎರಡೂ ಮೆದುಳಿನಲ್ಲಿ ಹತ್ತಿರದ ಸಂಬಂಧಿಗಳು ಎಂಬುದು ಇದರಿಂದ ಹೊಳೆಯಿತು. ಹಿಪ್ಪೊಕ್ಯಾಂಪಸ್ ಎಂಬ ಭಾಗ ಎರಡರಲ್ಲೂ ಕೆಲಸ ಮಾಡುತ್ತದೆ.

2001ರಲ್ಲಿ ಕ್ರಿಸ್ಟಿನಾ ಅಟಾನ್ಸ್ ಮತ್ತು ಡನಿಯೇಲಾ ಓನೀಲ್ ಎಂಬ ಸಂಶೋಧಕಿಯರು ಇದಕ್ಕೆ ಎಪಿಸೋಡಿಕ್ ಫ್ಯೂಚರ್ ಥಿಂಕಿಂಗ್ ಎಂಬ ಹೆಸರನ್ನು ಬಳಕೆಗೆ ತಂದರು. ನಮ್ಮದೇ ಬದುಕಿನಲ್ಲಿ ಮುಂದೆ ನಡೆಯಬಹುದಾದ ಒಂದು ಘಟನೆಯನ್ನು ಈಗಲೇ ಅನುಭವಿಸುವಂತೆ ಮನಸ್ಸಿನಲ್ಲಿ ಕಟ್ಟುವುದು ಎಂದು ಇದರ ಅರ್ಥ.

2010ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯಾನ್ ಪೀಟರ್ಸ್ ಮತ್ತು ಕ್ರಿಸ್ಟಿಯಾನ್ ಬ್ಯೂಖೆಲ್ ಈ ಎರಡು ಎಳೆಗಳನ್ನು ಜೋಡಿಸಿದರು. ಈಗ ಕಡಿಮೆ ಹಣವೋ ತಡವಾಗಿ ಹೆಚ್ಚು ಹಣವೋ ಎಂದು ಕೇಳುವಾಗ, ಆ ತಡವಾದ ದಿನದ ಹೊತ್ತಿಗೆ ಆ ವ್ಯಕ್ತಿ ನಿಜವಾಗಿ ಹಾಕಿಕೊಂಡಿದ್ದ ಯೋಜನೆಯನ್ನೂ ತೆರೆಯ ಮೇಲೆ ತೋರಿಸಿದರು. ಆಗ ಜನ ಕಾಯಲು ಹೆಚ್ಚು ಒಪ್ಪಿದರು. ಚಿತ್ರ ಎಷ್ಟು ಸ್ಪಷ್ಟವೋ ಅಷ್ಟು ಪರಿಣಾಮ. ಮೇಲಿನ ಸೂತ್ರದ 'ಕ' ಹುಟ್ಟಿನಿಂದ ಬಂದು ಹಾಗೇ ಉಳಿಯುವ ಸಂಖ್ಯೆಯಲ್ಲ, ಅದನ್ನು ಇಳಿಸಬಹುದು ಎಂಬುದೇ ಇಲ್ಲಿನ ಮುಖ್ಯ ಸುದ್ದಿ.

4. ಬಫಲೋದಲ್ಲಿ ನಡೆದ ಪ್ರಯೋಗಗಳು

ಹಣದಿಂದ ಊಟದ ಕಡೆಗೆ ಇದನ್ನು ತಂದವರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಅವರ ತಂಡ. ಮಕ್ಕಳ ಬೊಜ್ಜಿನ ಚಿಕಿತ್ಸೆಯಲ್ಲಿ ಎಪ್‌ಸ್ಟೈನ್ ಅವರದು ದಶಕಗಳ ಅನುಭವ.

2013ರಲ್ಲಿ ತಿನುಕೆ ಡೇನಿಯಲ್, ಎಪ್‌ಸ್ಟೈನ್ ಮತ್ತು ಸಂಗಡಿಗರು ಅತಿತೂಕ ಅಥವಾ ಬೊಜ್ಜು ಇದ್ದ 26 ಮಹಿಳೆಯರ ಮೇಲೆ ಪ್ರಯೋಗ ನಡೆಸಿದರು. ಒಂದು ಗುಂಪು ತಮ್ಮ ಬದುಕಿನಲ್ಲಿ ಮುಂದೆ ಬರಲಿರುವ ಒಳ್ಳೆಯ ಘಟನೆಗಳನ್ನು ಕಲ್ಪಿಸಿಕೊಂಡಿತು. ಇನ್ನೊಂದು ಗುಂಪು ತಮ್ಮ ಭವಿಷ್ಯಕ್ಕೆ ಸಂಬಂಧವಿಲ್ಲದ ಬೇರೆ ಚಿತ್ರಗಳನ್ನು ಕಲ್ಪಿಸಿಕೊಂಡಿತು. ಎದುರಿಗೆ ತಿನಿಸುಗಳನ್ನಿಟ್ಟು ಬೇಕಾದಷ್ಟು ತಿನ್ನಲು ಬಿಡಲಾಯಿತು. ಭವಿಷ್ಯದ ಘಟನೆಯನ್ನು ಕಲ್ಪಿಸುತ್ತಿದ್ದವರು ಕಡಿಮೆ ಕ್ಯಾಲೊರಿ ಸೇವಿಸಿದರು. ಹಣದ ಪ್ರಶ್ನೆಗಳಲ್ಲೂ ಕಾಯಲು ಹೆಚ್ಚು ಒಪ್ಪಿದರು.

2015ರಲ್ಲಿ ಇದೇ ತಂಡ 9ರಿಂದ 14 ವರ್ಷದ, ಅತಿತೂಕ ಅಥವಾ ಬೊಜ್ಜು ಇದ್ದ ಮಕ್ಕಳೊಂದಿಗೆ ಇಂಥದೇ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಮಕ್ಕಳಲ್ಲೂ ಅದೇ ಕಂಡಿತು. ಮುಂದಿನ ಘಟನೆಗಳನ್ನು ಕಲ್ಪಿಸಿದ ಮಕ್ಕಳು ಕಾಯುವುದರಲ್ಲಿ ಮುಂದಿದ್ದರು, ತಿನ್ನುವುದರಲ್ಲಿ ಹಿತಮಿತವಾಗಿದ್ದರು. ಅದೇ ವರ್ಷ, ಕುಟುಂಬಗಳು ಇಂಥ ಕಲ್ಪನೆಗಳನ್ನು ಇಂಟರ್ನೆಟ್ ಮತ್ತು ಮೊಬೈಲ್ ಮೂಲಕ ಮನೆಯಲ್ಲೇ ಬಳಸಬಹುದೇ ಎಂದು ನೋಡುವ ಒಂದು ಸಣ್ಣ ಅಧ್ಯಯನವೂ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಈ ಕಲ್ಪನೆಗಳು "ನಾನು ಸಣ್ಣಗಾಗುತ್ತೇನೆ" ಎಂಬ ಮಂತ್ರವಲ್ಲ. "ಕಾಯಿಲೆ ಬರುತ್ತದೆ" ಎಂಬ ಹೆದರಿಕೆಯಂತೂ ಅಲ್ಲವೇ ಅಲ್ಲ. ಅವು ಆ ವ್ಯಕ್ತಿ ಎದುರು ನೋಡುತ್ತಿರುವ ಸಂತೋಷದ ದಿನಗಳು. ಮನಸ್ಸು ಒಮ್ಮೆ ಈ ಕ್ಷಣದಿಂದ ಎದ್ದು ಮುಂದಿನ ದಿನದಲ್ಲಿ ನಿಂತರೆ ಸಾಕು, ಕೈಯಲ್ಲಿರುವ ತಿಂಡಿಯ ಎಳೆತ ಸ್ವಲ್ಪ ಸಡಿಲವಾಗುತ್ತದೆ.

5. ಕಾಯಲಾರದ ಮಗು ದುರ್ಬಲ ಮಗುವೇ?

ನಿಮ್ಮಲ್ಲಿ ಹಲವರು ಮಾರ್ಷ್‌ಮ್ಯಾಲೋ ಪ್ರಯೋಗದ ಬಗ್ಗೆ ಕೇಳಿರಬಹುದು. 1960ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಸಿಹಿತಿನಿಸು ಇಟ್ಟು, "ನಾನು ಬರುವವರೆಗೆ ಕಾದರೆ ಎರಡು ಸಿಗುತ್ತದೆ" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕಾದ ಮಕ್ಕಳು ಮುಂದೆ ಓದಿನಲ್ಲೂ ಬದುಕಿನಲ್ಲೂ ಮುಂದಿದ್ದರು ಎಂಬ ಮಾತು ಬಹಳ ಪ್ರಚಾರ ಪಡೆಯಿತು. 2018ರಲ್ಲಿ ಹೆಚ್ಚು ಸಂಖ್ಯೆಯ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದ ಟೈಲರ್ ವಾಟ್ಸ್ ಮತ್ತು ಸಂಗಡಿಗರು, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಸಂಬಂಧ ಬಹಳಷ್ಟು ಕುಗ್ಗುತ್ತದೆ ಎಂದು ತೋರಿಸಿದರು.

2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇನ್ನೂ ಕಣ್ತೆರೆಸುವಂಥದ್ದು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮೊದಲು ಮಕ್ಕಳಿಗೆ ಚಿತ್ರ ಬಿಡಿಸುವ ಒಳ್ಳೆಯ ಸಾಮಾನು ತರುವುದಾಗಿ ಮಾತು ಕೊಟ್ಟರು. ಕೆಲವರಿಗೆ ಕೊಟ್ಟ ಮಾತಿನಂತೆ ತಂದರು, ಕೆಲವರಿಗೆ ಬರಿಗೈಯಲ್ಲಿ ಬಂದು "ಇಲ್ಲ" ಎಂದರು. ಆಮೇಲೆ ಸಿಹಿತಿನಿಸಿನ ಪರೀಕ್ಷೆ. ಮಾತು ಉಳಿಸಿಕೊಂಡವರ ಜೊತೆಗಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಜೊತೆಗಿದ್ದವರು ಸರಾಸರಿ 3 ನಿಮಿಷ ಮಾತ್ರ.

ಅಂದರೆ ನಾಳೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದಾಗ ಇಂದೇ ತಿನ್ನುವುದು ದೌರ್ಬಲ್ಯವಲ್ಲ, ಅದು ಒಂದು ರೀತಿಯ ಜಾಣತನ. ಹಾಗಾಗಿ ಮಗುವಿಗೆ ನಾಳೆಯ ಚಿತ್ರ ತೋರಿಸುವ ಮೊದಲು ಆ ನಾಳೆ ನಂಬುವಂಥದ್ದಾಗಿರಬೇಕು. "ಭಾನುವಾರ ಬೀಚಿಗೆ ಕರೆದುಕೊಂಡು ಹೋಗ್ತೇನೆ" ಎಂದ ಮೇಲೆ ಕರೆದುಕೊಂಡು ಹೋಗಲೇಬೇಕು.

6. ನಾಳೆಯ ಚಿತ್ರ ಕಟ್ಟುವ ಬಗೆ

ಸಂಶೋಧಕರು ಅನುಸರಿಸುವ ಕ್ರಮವನ್ನು ಸರಳವಾಗಿ ಹೀಗೆ ಹೇಳಬಹುದು.

ಮೊದಲನೆಯದಾಗಿ, ಮಗು ತಾನೇ ಎದುರು ನೋಡುತ್ತಿರುವ ಘಟನೆಗಳನ್ನು ಆರಿಸಬೇಕು. ಒಂದು ವಾರದೊಳಗಿನದು, ಒಂದು ತಿಂಗಳಿನದು, ಕೆಲವು ತಿಂಗಳಿನಾಚೆಯದು ಹೀಗೆ ಬೇರೆ ಬೇರೆ ದೂರದವು ಇರಲಿ. ನಾವು ಆರಿಸಿಕೊಟ್ಟರೆ ಅದು ಮತ್ತೆ ಉಪದೇಶವೇ ಆಗುತ್ತದೆ.

ಎರಡನೆಯದಾಗಿ, ಘಟನೆ ಸಂತೋಷದ್ದಾಗಿರಬೇಕು, ನಡೆಯುವ ಸಾಧ್ಯತೆ ಇರಬೇಕು.

ಮೂರನೆಯದಾಗಿ, ವಿವರ ಬೇಕು. ಎಲ್ಲಿ, ಯಾರ ಜೊತೆ, ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಮನಸ್ಸಿಗೆ ಹೇಗೆನಿಸುತ್ತದೆ ಎಂದು ಒಂದೊಂದಾಗಿ ಕೇಳಬೇಕು.

ನಾಲ್ಕನೆಯದಾಗಿ, ಆ ವಿವರವನ್ನು ವರ್ತಮಾನ ಕಾಲದಲ್ಲಿ, ಈಗಲೇ ನಡೆಯುತ್ತಿರುವಂತೆ, ಮಗುವಿನ ಸ್ವಂತ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಅಥವಾ ಬರೆದು ಇಟ್ಟುಕೊಳ್ಳಬೇಕು.

ಐದನೆಯದಾಗಿ, ತಿಂಡಿ ಆರಿಸುವ ಹೊತ್ತಿಗೆ ಸ್ವಲ್ಪ ಮೊದಲು ಅದನ್ನು ಕೇಳಬೇಕು, ಓದಬೇಕು. ಕಲ್ಪನೆ ಬೆಳಿಗ್ಗೆ, ತಿಂಡಿ ಸಂಜೆ ಎಂದಾದರೆ ಪ್ರಯೋಜನ ಕಡಿಮೆ.

ಒಂದು ಉದಾಹರಣೆ ನೋಡೋಣ. ಐದನೇ ತರಗತಿಯ ಹುಡುಗಿಯೊಬ್ಬಳು, "ನಾನು ಮುಂದೆ ಆರೋಗ್ಯವಾಗಿರುತ್ತೇನೆ" ಎಂದು ಬರೆದರೆ ಅದರಲ್ಲಿ ಚಿತ್ರವೇ ಇಲ್ಲ. ಅದರ ಬದಲು ಹೀಗೆ ಬರೆದರೆ ಬೇರೆ: "ಇನ್ನು ಮೂರು ವಾರಕ್ಕೆ ಶಾಲೆಯ ಸ್ಪೋರ್ಟ್ಸ್ ಡೇ. ನಾನು ನೀಲಿ ಹೌಸ್‌ನ ಟೀ ಶರ್ಟ್ ಹಾಕಿದ್ದೇನೆ. ರಿಲೇಯಲ್ಲಿ ನನ್ನದು ಮೂರನೆಯ ಓಟ. ಮೈದಾನದ ಮಣ್ಣು ಬಿಸಿಯಾಗಿದೆ. ಗೆಳತಿ ಬೇಟನ್ ಹಿಡಿದು ಓಡಿ ಬರುತ್ತಿದ್ದಾಳೆ. ಉಮ್ಮ ಹಗ್ಗದ ಆಚೆ ನಿಂತು ಕೈ ಬೀಸುತ್ತಿದ್ದಾರೆ. ನನ್ನ ಎದೆ ಡವಡವ ಅನ್ನುತ್ತಿದೆ, ಆದರೆ ಖುಷಿಯಾಗಿದೆ." ಇದರಲ್ಲಿ ತೂಕದ ಮಾತೇ ಇಲ್ಲ. ಓಟದಲ್ಲಿ ಗೆಲ್ಲಲೇಬೇಕು ಎಂಬ ಹೊರೆಯೂ ಇಲ್ಲ. ಹಬ್ಬದ ದಿನವನ್ನು ಆರಿಸಿದರೂ ಸರಿ. ಬಿರಿಯಾನಿಯ ತಟ್ಟೆಗಿಂತ ಈದ್ಗಾದಿಂದ ಬಂದ ಮೇಲೆ ಅಜ್ಜಿಯ ಮನೆಯಲ್ಲಿ ಸೋದರಸಂಬಂಧಿಗಳ ಜೊತೆ ಆಡುವ ಆಟ ಚಿತ್ರದಲ್ಲಿ ಮುಂದಿರಲಿ.

ರಮಝಾನ್ ಉಪವಾಸದ ಅನುಭವ ಇರುವವರಿಗೆ ಇದು ಪೂರ್ತಿ ಹೊಸದಲ್ಲ. ಹಸಿವಾಗುತ್ತದೆ, ತಿನಿಸು ಮನೆಯಲ್ಲೇ ಇರುತ್ತದೆ, ಆದರೂ ಮಗ್ರಿಬ್‌ವರೆಗೆ ಕಾಯುತ್ತೇವೆ. ನಿಯ್ಯತ್ ಇದೆ, ಸಮಯ ಖಚಿತ, ಇಫ್ತಾರಿನ ಕ್ಷಣ ಕಣ್ಣಿಗೆ ಕಟ್ಟಿದಂತಿದೆ, ಇಡೀ ಮನೆ ಜೊತೆಗಿದೆ. ಕುರ್‌ಆನಿನ ಅಲ್-ಹಶ್ರ್ ಅಧ್ಯಾಯವೂ ನಾಳೆಗಾಗಿ ಏನು ಸಿದ್ಧಪಡಿಸಿದ್ದೇವೆ ಎಂದು ನೋಡಿಕೊಳ್ಳಲು ವಿಶ್ವಾಸಿಗಳಿಗೆ ಹೇಳುತ್ತದೆ. ಅಲ್ಲಿನ 'ನಾಳೆ' ಪರಲೋಕದ್ದು, ಅದನ್ನು ಪ್ರಯೋಗಶಾಲೆಯ ಫಲಿತಾಂಶಕ್ಕೆ ಜೋಡಿಸಬೇಕಿಲ್ಲ. ಆದರೆ ಇಂದಿನ ಕೆಲಸವನ್ನು ನಾಳೆಯ ಕಡೆಯಿಂದ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ ಎಂಬುದು ನೆನಪಿರಲಿ. ಹಾಗೆಯೇ ಇಫ್ತಾರಿನಲ್ಲಿ ಕರಿದ ಸಮೋಸ ಮತ್ತು ಸಕ್ಕರೆಯ ಶರಬತ್ತಿನ ಲೆಕ್ಕ ತಪ್ಪುವುದೂ ನಮಗೆಲ್ಲ ಗೊತ್ತು. ಕಾಯುವ ಶಕ್ತಿ ಇದ್ದರೆ ಸಾಲದು, ಮೇಜಿನ ಮೇಲೆ ಏನಿದೆ ಎಂಬುದೂ ಮುಖ್ಯ.

7. ಒಬ್ಬ ಮಗುವಿಗಲ್ಲ, ಇಡೀ ಮನೆಗೆ ಚಿಕಿತ್ಸೆ

ಈ ಕೊನೆಯ ಮಾತು ಮಕ್ಕಳ ಬೊಜ್ಜಿನ ಚಿಕಿತ್ಸೆಯ ಮೂಲಪಾಠ. ಎಪ್‌ಸ್ಟೈನ್ ತಂಡ ರೂಪಿಸಿದ 'ಟ್ರಾಫಿಕ್ ಲೈಟ್' ಆಹಾರ ಕ್ರಮದಲ್ಲಿ ತಿನಿಸುಗಳನ್ನು ಸಿಗ್ನಲ್ ದೀಪದಂತೆ ಮೂರು ಬಣ್ಣಗಳಲ್ಲಿ ವಿಂಗಡಿಸುತ್ತಾರೆ. ಹೆಚ್ಚಿನ ತರಕಾರಿಗಳು ಹಸಿರು, ಧಾರಾಳವಾಗಿ ತಿನ್ನಬಹುದು. ದಿನನಿತ್ಯದ ಊಟದ ಬಹುಪಾಲು ಹಳದಿ, ಅಳತೆಯಲ್ಲಿ ತಿನ್ನಬೇಕು. ಸಕ್ಕರೆ, ಕೊಬ್ಬು ಹೆಚ್ಚಿರುವ ತಿನಿಸು ಕೆಂಪು, ಅಪರೂಪಕ್ಕೆ ಮಾತ್ರ. ಪುಟ್ಟ ಮಗುವಿಗೂ ಇದು ಅರ್ಥವಾಗುತ್ತದೆ. ತಿಂದದ್ದನ್ನು ಬರೆದಿಡುವುದು, ಚಟುವಟಿಕೆ ಹೆಚ್ಚಿಸುವುದು, ಸಣ್ಣ ಬದಲಾವಣೆಯನ್ನೂ ಹೊಗಳುವುದು, ಕೆಂಪು ತಿನಿಸನ್ನು ಮನೆಗೆ ತರುವುದನ್ನೇ ಕಡಿಮೆ ಮಾಡುವುದು ಈ ಚಿಕಿತ್ಸೆಯ ಉಳಿದ ಭಾಗಗಳು.

1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಎಪ್‌ಸ್ಟೈನ್ ತಂಡ ಹತ್ತು ವರ್ಷಗಳ ಫಲಿತಾಂಶ ಪ್ರಕಟಿಸಿತು. ಅದರಲ್ಲಿ ಮೂರು ಗುಂಪುಗಳಿದ್ದವು. ಒಂದರಲ್ಲಿ ಮಗು ಮತ್ತು ಪೋಷಕರು ಇಬ್ಬರೂ ಬದಲಾಗಬೇಕಿತ್ತು, ಇನ್ನೊಂದರಲ್ಲಿ ಗಮನ ಮಗುವಿನ ಮೇಲೆ ಮಾತ್ರ, ಮೂರನೆಯದು ಹೋಲಿಕೆಗಾಗಿ. ಹತ್ತು ವರ್ಷಗಳ ನಂತರ ಅತಿತೂಕದ ಶೇಕಡಾವಾರು ಅಳತೆ ಮೊದಲ ಗುಂಪಿನಲ್ಲಿ 7.5ರಷ್ಟು ಇಳಿದಿತ್ತು. ಮಗುವಿಗೆ ಮಾತ್ರ ಒತ್ತು ಕೊಟ್ಟ ಗುಂಪಿನಲ್ಲಿ 4.5ರಷ್ಟು, ಹೋಲಿಕೆಯ ಗುಂಪಿನಲ್ಲಿ 14.3ರಷ್ಟು ಏರಿತ್ತು. ಅಪ್ಪ ಅಮ್ಮ ಮೇಜಿನ ಮೇಲೆ ಮಿಕ್ಸ್ಚರ್ ಇಟ್ಟುಕೊಂಡು ಮಗುವಿಗೆ ಮಾತ್ರ ಸೌತೆಕಾಯಿ ಕೊಟ್ಟರೆ ನಡೆಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮನೆಯ ಹೊರಗಿನ ಜವಾಬ್ದಾರಿಯೂ ಇದೆ. ಭಾರತದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಸುತ್ತಳತೆಯಲ್ಲೂ ಮಕ್ಕಳಿಗೆ ಮಾರುವಂತಿಲ್ಲ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ 5ರಿಂದ 17 ವರ್ಷದವರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಡಲು ಮೈದಾನವೇ ಇಲ್ಲದ ಕಡೆ, ಹೆಣ್ಣುಮಕ್ಕಳು ಹೊರಗೆ ಆಡಲು ಅವಕಾಶವೇ ಇಲ್ಲದ ಕಡೆ, ಕಲ್ಪನೆಯೊಂದರಿಂದ ತೂಕ ಇಳಿಯುವುದಿಲ್ಲ.

8. ಮಿತಿಗಳನ್ನೂ ಓದಬೇಕು

ವಿಜ್ಞಾನದ ವಿದ್ಯಾರ್ಥಿ ಒಂದು ವಿಧಾನದ ಗುಣದ ಜೊತೆ ಮಿತಿಯನ್ನೂ ತಿಳಿದಿರಬೇಕು.

ಮೇಲೆ ಹೇಳಿದ 2013 ಮತ್ತು 2015ರ ಪ್ರಯೋಗಗಳು ಸಣ್ಣ ಗುಂಪುಗಳ ಮೇಲೆ, ಪ್ರಯೋಗಶಾಲೆಯಲ್ಲಿ ನಡೆದವು. ಒಂದು ಹೊತ್ತು ಕಡಿಮೆ ತಿನ್ನುವುದೂ ವರ್ಷಗಟ್ಟಲೆ ತೂಕ ಹತೋಟಿಯಲ್ಲಿರುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ಪುರಾವೆ ಇದೆ, ಎರಡನೆಯದಕ್ಕೆ ಈ ಪ್ರಯೋಗಗಳು ಪುರಾವೆಯಾಗುವುದಿಲ್ಲ.

ಕೆ.ಸಿ. ಅವರ ವಿಷಯದಲ್ಲೂ ಒಂದು ಕುತೂಹಲದ ಸಂಗತಿ ಇದೆ. ನಾಳೆಯನ್ನು ಕಲ್ಪಿಸಲಾಗದ ಅವರಿಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಣದ ಪ್ರಶ್ನೆಗಳನ್ನು ಕೇಳಿದಾಗ ಅವರ ಉತ್ತರಗಳು ಸಾಮಾನ್ಯರಂತೆಯೇ ಇದ್ದವು. ಅಂದರೆ ಕಾಯುವ ಶಕ್ತಿಗೆ ಕಲ್ಪನೆ ಒಂದು ದಾರಿ, ಏಕೈಕ ದಾರಿಯಲ್ಲ.

ಕೆಲವು ಮಕ್ಕಳಲ್ಲಿ ಬೊಜ್ಜಿಗೆ ಹಾರ್ಮೋನಿನ ತೊಂದರೆ, ಸ್ಟೆರಾಯ್ಡ್‌ನಂಥ ಔಷಧ ಅಥವಾ ವಂಶವಾಹಿಯ ಕಾರಣ ಇರಬಹುದು. ಅದನ್ನು ಗುರುತಿಸಬೇಕಾದವರು ವೈದ್ಯರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ 3ರಿಂದ 12 ತಿಂಗಳ ಅವಧಿಯಲ್ಲಿ ಕನಿಷ್ಠ 26 ಗಂಟೆಗಳ, ಕುಟುಂಬ ಸಮೇತವಾದ ಮಾರ್ಗದರ್ಶನವನ್ನು ಶಿಫಾರಸು ಮಾಡಿದೆ. ನಾಳೆಯ ಚಿತ್ರ ಇಂಥ ಚಿಕಿತ್ಸೆಯೊಳಗಿನ ಒಂದು ಸಾಧನ, ಅದರ ಬದಲಿ ಅಲ್ಲ. ಬೆಳೆಯುವ ಮಗುವನ್ನು ಉಪವಾಸ ಕೆಡವಿ ತೂಕ ಇಳಿಸುವುದಂತೂ ಅಪಾಯ. ಎಷ್ಟೋ ಮಕ್ಕಳಿಗೆ ತೂಕ ಅಲ್ಲಿಗೇ ನಿಂತು ಎತ್ತರ ಬೆಳೆದರೆ ಸಾಕಾಗುತ್ತದೆ.

9. ನಾವು ಮಾಡಬಹುದಾದದ್ದು

ಪಿಯುಸಿ ವಿದ್ಯಾರ್ಥಿಗಳಾದ ನೀವು ಮನೆಯಲ್ಲಿ ಅಣ್ಣ, ಅಕ್ಕ, ಇಕ್ಕಾಕ ಅನ್ನಿಸಿಕೊಂಡವರು. ಕಾಲೇಜಿನಿಂದ ಬರುವಾಗ ಪುಟ್ಟವರಿಗೆ ತಿಂಡಿ ತರುವವರೂ, ಅವರನ್ನು "ಗುಂಡ" ಎಂದು ಕರೆಯುವವರೂ ಬಹಳ ಸಲ ನೀವೇ. ಮೊದಲು ಆ ಹೆಸರನ್ನು ನಿಲ್ಲಿಸಿ. ಅವಮಾನದಿಂದ ಮಗು ಸಣ್ಣಗಾಗುವುದಿಲ್ಲ. ಆಟದಿಂದ ದೂರ ಸರಿಯುತ್ತದೆ, ಕದ್ದು ತಿನ್ನಲು ಕಲಿಯುತ್ತದೆ.

ಎರಡನೆಯದು, ಬರುವಾಗ ಕೂಲ್ ಡ್ರಿಂಕ್ಸ್ ಬದಲು ಪೇರಳೆಯೋ ಕಡಲೆಯೋ ತನ್ನಿ, ಜೊತೆಗೆ ಕೂತು ನೀವೂ ತಿನ್ನಿ. ಮೂರನೆಯದು, ವಾರಕ್ಕೊಮ್ಮೆ ಹತ್ತು ನಿಮಿಷ ಕೂತು "ಮುಂದಿನ ತಿಂಗಳು ನಿನಗೆ ತುಂಬ ಖುಷಿ ಕೊಡುವ ದಿನ ಯಾವುದು? ಹೇಳು ನೋಡೋಣ" ಎಂದು ಕೇಳಿ. ಮಧ್ಯದಲ್ಲಿ ಬುದ್ಧಿ ಹೇಳಬೇಡಿ. ವಿವರ ಕೇಳಿ, ಬರೆದುಕೊಳ್ಳಿ, ಅದು ನಡೆಯಲು ನಿಮ್ಮಿಂದಾದ ಸಹಾಯ ಮಾಡಿ. ಆ ಮಗುವಿಗೆ ನಾಳೆ ಎಂಬುದು ಹೆದರಿಸುವ ಮಾತಾಗಿ ಉಳಿಯದೆ, ಅಣ್ಣನೋ ಅಕ್ಕನೋ ಜೊತೆಗಿರುವ ಒಂದು ದಿನವಾಗಿ ಕಾಣಬೇಕು.

ಅಭ್ಯಾಸ

1. 'ಕ' 0.05 ಇದ್ದಾಗ 30 ದಿನದ ನಂತರದ 1000 ರೂಪಾಯಿಯ ಇಂದಿನ ಬೆಲೆ ಎಷ್ಟು? 'ಕ' 0.01ಕ್ಕೆ ಇಳಿದರೆ ಎಷ್ಟು? (ಉತ್ತರ: 400 ರೂಪಾಯಿ, ಸುಮಾರು 769 ರೂಪಾಯಿ.)

2. ಸಂಗತಿಯ ನೆನಪು ಮತ್ತು ಘಟನೆಯ ನೆನಪಿಗೆ ನಿಮ್ಮ ಬದುಕಿನಿಂದ ಒಂದೊಂದು ಉದಾಹರಣೆ ಬರೆಯಿರಿ.

3. ನಿಮ್ಮದೇ ಮುಂದಿನ ಒಂದು ತಿಂಗಳಿನೊಳಗಿನ ಒಂದು ಒಳ್ಳೆಯ ದಿನವನ್ನು ಎಂಟು ವಾಕ್ಯಗಳಲ್ಲಿ, ವರ್ತಮಾನ ಕಾಲದಲ್ಲಿ ಬರೆಯಿರಿ. ಸಂಜೆ ತಿಂಡಿಗೆ ಮೊದಲು ಒಂದು ವಾರ ಅದನ್ನು ಓದಿ, ಏನಾದರೂ ವ್ಯತ್ಯಾಸ ಕಂಡಿತೇ ಎಂದು ಗುರುತು ಮಾಡಿಕೊಳ್ಳಿ.

4. ಮಾತು ತಪ್ಪಿದ ಹಿರಿಯರ ಜೊತೆಗಿದ್ದ ಮಕ್ಕಳು ಬೇಗ ತಿಂದದ್ದನ್ನು 'ಹಠ' ಎನ್ನಬಹುದೇ? ಕಾರಣ ಕೊಟ್ಟು ಚರ್ಚಿಸಿ.